ಮೊದಲು ದನಿ, ಆಮೇಲೆ ಬೆಳಕು

ವಿಡಿಯೊ ಕಾಲ್‌ನಲ್ಲಿ ಗಣಿತ ಹೇಳಿಕೊಡಲು ಶುರುಮಾಡಿದ ಹೊಸದರಲ್ಲಿ ಒಂದು ದಿನ ಮೂವರು ಮಕ್ಕಳ ಉತ್ತರವೂ ತಪ್ಪಿತ್ತು. ಮೂರೂ ಒಂದೇ ತಪ್ಪು. ನಾನು ಹೇಳಿದ್ದು ಕೊಸೈನ್, ಅವರಿಗೆ ಕೇಳಿಸಿದ್ದು ಸೈನ್. ಹೊಸ ವೆಬ್‌ಕ್ಯಾಮ್ ತಂದು ಒಂದು ವಾರವೂ ಆಗಿರಲಿಲ್ಲ, ಮುಖವೇನೋ ಚೆನ್ನಾಗಿಯೇ ಕಾಣುತ್ತಿತ್ತು. ಅವತ್ತಿನಿಂದ ಯಾರು ಕೇಳಿದರೂ ನಾನು ಹೇಳುವುದು ಒಂದೇ: ಮೊದಲು ದನಿ ಸರಿಮಾಡಿಕೊಳ್ಳಿ. ಚಿತ್ರ ಮಸುಕಾದರೆ ಜನ ಹೊಂದಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಬೇಗ ಸೋತುಹೋಗುತ್ತಾರೆ.

ಆ 'ಕೊ' ಎಲ್ಲಿ ಹೋಯಿತು? ಲ್ಯಾಪ್‌ಟಾಪಿನ ಮೈಕ್ ನನ್ನ ಬಾಯಿಂದ ಎರಡು ಅಡಿ ದೂರದಲ್ಲಿತ್ತು. ಅಷ್ಟು ದೂರದಿಂದ ಬಂದ ಮೆಲುವಾದ ಅಕ್ಷರವನ್ನು ಗದ್ದಲ ತೆಗೆಯುವ ಸಾಫ್ಟ್‌ವೇರ್ ಅದೂ ಗದ್ದಲವೇ ಎಂದು ನುಂಗಿಬಿಡುತ್ತದೆ. ಮೈಕ್ ಹತ್ತಿರ ತಂದರೆ ಮುಕ್ಕಾಲು ಪಾಲು ತೊಂದರೆ ಮುಗಿಯಿತು. ದೂರ ಅರ್ಧವಾದರೆ ನೇರವಾಗಿ ತಲುಪುವ ದನಿ ಸುಮಾರು 6 ಡೆಸಿಬಲ್ ಹೆಚ್ಚುತ್ತದೆ, ಗೋಡೆಗೆ ಬಡಿದು ಬರುವ ದನಿ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಇದಕ್ಕೆ ದುಬಾರಿ ಮೈಕ್ ಬೇಕಿಲ್ಲ, ವೈರ್ ಇರುವ ಸಾದಾ ಇಯರ್‌ಫೋನ್ ಸಾಕು. ಅದರ ಮೈಕ್ ಕಾಲರಿಗೆ ಉಜ್ಜದ ಹಾಗೆ ಒಂದು ಕ್ಲಿಪ್ ಹಾಕಿಕೊಳ್ಳಿ. ಬ್ಲೂಟೂತ್ ಹೆಡ್‌ಸೆಟ್‌ಗಳಲ್ಲಿ ಮೈಕ್ ಆನ್ ಆದ ಕೂಡಲೇ ದನಿಯ ಗುಣಮಟ್ಟ ಇಳಿಯುವುದು ಸಾಮಾನ್ಯ. ಅದಕ್ಕೇ ಪಾಠಕ್ಕೆ ನಾನು ಅದನ್ನು ಮುಟ್ಟುವುದಿಲ್ಲ.

ಇನ್ನು ಕೋಣೆ. ಕೂತಲ್ಲೇ ಒಂದು ಚಪ್ಪಾಳೆ ತಟ್ಟಿ ನೋಡಿ. ಸದ್ದು 'ಠಣ್' ಎಂದು ಎಳೆದರೆ ನಿಮ್ಮ ಮಾತೂ ಹಾಗೇ ಎಳೆಯುತ್ತದೆ. ಆ ಸದ್ದನ್ನು ಬಟ್ಟೆ ಹೀರಲಿ ಎಂದು ನಾನು ಲ್ಯಾಪ್‌ಟಾಪಿನ ಹಿಂದೆ ದಪ್ಪನೆಯ ಹೊದಿಕೆಯೊಂದನ್ನು ಇಳಿಬಿಡುತ್ತೇನೆ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಡುತ್ತೇನೆ. ಫ್ಯಾನ್ ಗಾಳಿ ಮೈಕಿಗೆ ನೇರ ಹೊಡೆಯಬಾರದು.

ಬೆಳಕಿನಲ್ಲಿ ಎಲ್ಲರೂ ಮಾಡುವ ತಪ್ಪು ಕಿಟಕಿಗೆ ಬೆನ್ನು ಹಾಕಿ ಕೂರುವುದು. ಕ್ಯಾಮೆರಾ ಕಿಟಕಿಯ ಬೆಳಕಿಗೆ ತಕ್ಕಂತೆ ಚಿತ್ರವನ್ನು ತಗ್ಗಿಸುತ್ತದೆ, ಮುಖ ಕಪ್ಪಾಗುತ್ತದೆ. ಮೇಜನ್ನೇ ತಿರುಗಿಸಿ, ಕಿಟಕಿ ನಿಮ್ಮೆದುರು ಬರಲಿ. ರಾತ್ರಿ ತಲೆಯ ಮೇಲಿನ ದೀಪವೊಂದೇ ಇದ್ದರೆ ಕಣ್ಣಿನ ಕೆಳಗೆ ನೆರಳು ಬೀಳುತ್ತದೆ. ಮೇಜಿನ ದೀಪವನ್ನು ಎದುರಿನ ಬಿಳಿ ಗೋಡೆಗೆ ತಿರುಗಿಸಿಡಿ, ಅಲ್ಲಿಂದ ಮರಳುವ ಬೆಳಕು ಮೆದುವಾಗಿರುತ್ತದೆ. ಕನ್ನಡಕದಲ್ಲಿ ದೀಪ ಹೊಳೆದರೆ ದೀಪವನ್ನು ಮೇಲಕ್ಕೆ, ಪಕ್ಕಕ್ಕೆ ಸರಿಸಿ. ಹಗಲಿನ ಬೆಳಕಿನ ಜೊತೆ ಹಳದಿ ಬಲ್ಬ್ ಸೇರಿಸಬೇಡಿ, ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ ಕಾಣುತ್ತದೆ.

ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಬೇಕು, ನನ್ನ ಲ್ಯಾಪ್‌ಟಾಪಿನಡಿ ನಾಲ್ಕು ದಪ್ಪ ಪುಸ್ತಕಗಳಿವೆ. ಲೆನ್ಸನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಸಣ್ಣ ಗೆರೆಯ ಅಂಗಿ ಬೇಡ, ಪರದೆಯ ಮೇಲೆ ಗೆರೆಗಳು ಕುಣಿಯುತ್ತವೆ. ಪರದೆಯಲ್ಲಿ ಕೇಳುವವರ ಮುಖಗಳಿರುವ ವಿಂಡೊವನ್ನು ಕ್ಯಾಮೆರಾದ ಕೆಳಗೇ ಎಳೆದಿಟ್ಟುಕೊಂಡರೆ ಅವರನ್ನೇ ನೋಡಿ ಮಾತಾಡಿದ ಹಾಗಿರುತ್ತದೆ.

ಇಷ್ಟಾದ ಮೇಲೆ ಒಂದು ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿ. ನಾನು ಈಗಲೂ ಪ್ರತಿ ತರಗತಿಗೆ ಮುಂಚೆ 'ಸೈನ್, ಕೊಸೈನ್' ಎಂದು ಎರಡು ಸಲ ಹೇಳಿ, ಆ 'ಕೊ' ಬಂತೇ ಎಂದು ಕೇಳಿಕೊಂಡೇ ಮಕ್ಕಳನ್ನು ಒಳಗೆ ಬಿಡುತ್ತೇನೆ.