ಫೈರ್‌ಫಾಕ್ಸಲ್ಲಿ ಸೈಫರ್ ಆಪ್ಷನ್ ಕಾಣಿಸ್ತಿಲ್ವಾ? ಹೀಗೆ ಹುಡುಕಿ

ಹಳೇ ರೌಟರ್ರೋ ಪ್ರಿಂಟರ್ರೋ ಇರತ್ತಲ್ಲ, ಅದರ ಅಡ್ಮಿನ್ ಪೇಜ್ ತೆಗೆಯಕ್ಕೆ ಹೋದ್ರೆ ಫೈರ್‌ಫಾಕ್ಸು "ನೋ ಸೈಫರ್ ಓವರ್‌ಲ್ಯಾಪ್" ಅಂತ ಎರರ್ ಕೊಡತ್ತೆ. ಸೈಫರ್ ಅಂದ್ರೆ ಡೇಟಾನ ಗುಟ್ಟಾಗಿ ಕಳಿಸೋ ಎನ್‌ಕ್ರಿಪ್ಷನ್ ವಿಧಾನ, ಆ ಡಿವೈಸಿಗೆ ಬರೋ ಸೈಫರ್ ಒಂದನ್ನೂ ಬ್ರೌಸರ್ ಒಪ್ತಿಲ್ಲ ಅಂತ ಅರ್ಥ. ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದ್ರೂ ಸೈಫರ್ ಆನ್ ಮಾಡೋ ಜಾಗ ಸಿಗಲ್ಲ, ಯಾಕಂದ್ರೆ ಅದು ಅಲ್ಲಿಲ್ಲ.

ಅಡ್ರೆಸ್ ಬಾರಲ್ಲಿ ಅಬೌಟ್:ಕಾನ್ಫಿಗ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ, ವಾರ್ನಿಂಗ್ ದಾಟಿ, ಎಸ್‌ಎಸ್‌ಎಲ್3 ಅಂತ ಹುಡುಕಿ. ಸೈಫರ್‌ಗಳ ಲಿಸ್ಟ್ ಬರತ್ತೆ, ಟ್ರೂ ಅಂದ್ರೆ ಆನ್, ಫಾಲ್ಸ್ ಅಂದ್ರೆ ಆಫ್. ಬದಲಾಯಿಸಿರೋ ಸೆಟ್ಟಿಂಗ್ ಮಾತ್ರ ತೋರಿಸು ಅನ್ನೋ ಟಿಕ್ ಬಿದ್ದಿದ್ರೆ ಮೊದ್ಲು ತೆಗೀರಿ, ಲಿಸ್ಟ್ ಖಾಲಿ ಕಾಣೋದಕ್ಕೆ ಅದೂ ಒಂದು ಕಾರಣ. ಟಿಎಲ್‌ಎಸ್ (ಸೈಟಿನ ಜೊತೆ ಸುರಕ್ಷಿತ ಕನೆಕ್ಷನ್ ಮಾಡೋ ಪದ್ಧತಿ) 1.3ರ ಸೈಫರ್‌ಗಳು ಬೇಕಿದ್ರೆ ಟಿಎಲ್‌ಎಸ್13 ಅಂತ ಬೇರೆ ಹುಡುಕ್ಬೇಕು. ಆಫೀಸ್ ಲ್ಯಾಪ್‌ಟಾಪಾದ್ರೆ ಅಬೌಟ್:ಪಾಲಿಸೀಸ್ ನೋಡಿ, ಅಡ್ಮಿನ್ನವ್ರೇ ಸೈಫರ್ ಆಫ್ ಮಾಡಿದ್ರೆ ಅಲ್ಲಿ ಗೊತ್ತಾಗತ್ತೆ, ಅವರನ್ನೇ ಕೇಳ್ಬೇಕು.

ಈಗ ಮುಖ್ಯವಾದ್ದು. ಆರ್‌ಸಿ4 ಥರದ ಹಳೇ ಸೈಫರ್ ಹೆಸರು ಪೂರ್ತಿ ಹಾಕಿ ಹುಡುಕಿದ್ರೆ ಅದು ಸಿಗದೇ ಹೋದಾಗ ಫೈರ್‌ಫಾಕ್ಸ್ ಪಕ್ಕದಲ್ಲಿ ಪ್ಲಸ್ ಗುರುತು ತೋರಿಸತ್ತೆ, ಜನ ಅದನ್ನ ಒತ್ತಿ ಟ್ರೂ ಮಾಡಿ ಆಯ್ತು ಅಂದ್ಕೊಳ್ತಾರೆ, ಆದ್ರೆ ಏನೂ ಆಗಲ್ಲ! ಆರ್‌ಸಿ4 ಬಳಸಲೇಬಾರದು ಅಂತ 2015ರಲ್ಲೇ ನಿಯಮ ಬಂತು, 2016ರ ಫೈರ್‌ಫಾಕ್ಸ್ 44ರಲ್ಲಿ ಅದು ಆಫಾಯ್ತು, ಆಮೇಲೆ ಆ ಸೆಟ್ಟಿಂಗೇ ಹೋಯ್ತು. ನೀವು ಸೇರಿಸಿದ್ದು ಬರೀ ಹೆಸರು, ಅದನ್ನ ಓದೋ ಕೋಡ್ ಒಳಗಿಲ್ಲ. ಸಾಲಿನ ಕೊನೇಲಿ ಕಸದಬುಟ್ಟಿ ಚಿತ್ರ ಇದ್ರೆ ಅದು ಹೀಗೆ ಸೇರ್ಕೊಂಡಿದ್ದು, ಅಳಿಸಿಬಿಡಿ.

ಟ್ರಿಪಲ್ ಡೆಸ್ ಅನ್ನೋ ಇನ್ನೊಂದು ಹಳೇ ಸೈಫರ್ ಕಥೆ ಬೇರೆ. ಫೈರ್‌ಫಾಕ್ಸ್ 93ರಿಂದ ಅದರ ಹೆಸರಿಗೆ ಡೆಪ್ರಿಕೇಟೆಡ್ (ಇನ್ನು ಬಳಸಬಾರದ ಹಳೇದು) ಅಂತ ಸೇರಿದೆ, ಟ್ರೂ ಅಂತಿದ್ರೂ ಹಳೇ ಟಿಎಲ್‌ಎಸ್ ಆನ್ ಮಾಡೋ ತನಕ ಕೆಲ್ಸ ಮಾಡಲ್ಲ. ಅದಕ್ಕೆ ಎನೇಬಲ್-ಡೆಪ್ರಿಕೇಟೆಡ್ ಅಂತ ಹುಡುಕಿ ಟ್ರೂ ಮಾಡ್ಬೇಕು.

ಆದ್ರೆ ದಯವಿಟ್ಟು ಇದನ್ನ ಬ್ಯಾಂಕಿಂಗ್ ಮಾಡೋ ಫೈರ್‌ಫಾಕ್ಸ್ ಪ್ರೊಫೈಲಲ್ಲಿ (ಪ್ರೊಫೈಲ್ ಅಂದ್ರೆ ಬೇರೆಬೇರೆಯಾಗಿ ಇಡೋ ಸೆಟ್ಟಿಂಗ್ಸ್ ಕಟ್ಟು) ಮಾಡ್ಬೇಡಿ, ಆ ಸಡಿಲಿಕೆ ಒಂದು ಡಿವೈಸಿಗಲ್ಲ, ನೀವು ಹೋಗೋ ಎಲ್ಲಾ ಸೈಟಿಗೂ ಅನ್ವಯ ಆಗತ್ತೆ. ಅಬೌಟ್:ಪ್ರೊಫೈಲ್ಸಲ್ಲಿ ಬೇರೆ ಪ್ರೊಫೈಲ್ ಮಾಡಿ, ಅದ್ರಿಂದ ಆ ರೌಟರ್ ಮಾತ್ರ ತೆಗೆದು, ಒಳಗೆ ಹೋದ ತಕ್ಷಣ ಫರ್ಮ್‌ವೇರ್ (ಡಿವೈಸಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಇದ್ಯಾ ನೋಡಿ. ಅಪ್‌ಡೇಟಲ್ಲಿ ಟಿಎಲ್‌ಎಸ್ 1.2 ಬಂದ್ರೆ ಆ ಪ್ರೊಫೈಲನ್ನೇ ಡಿಲೀಟ್ ಮಾಡ್ಬಹುದು.