ವಿಲ್ಲಿ ಮಿಚೆಲ್ ಹೋದ ಮೇಲೆ ನನ್ನ ಗ್ಯಾರೇಜಿನಲ್ಲಿ ಮಾಡಿದ ಒಂದು ರೆಕಾರ್ಡಿಂಗ್

2010ರ ಜನವರಿ 5, ಮಂಗಳವಾರ. ಅಮೆರಿಕದ ಮೆಂಫಿಸ್‌ನಲ್ಲಿ ಆ ವಾರ ಮೈ ಕೊರೆಯುವ ಚಳಿ. ಸಂಜೆ ಆಫೀಸಿನಿಂದ ಮನೆಗೆ ಬರುವಾಗ ಕಾರಿನ ರೇಡಿಯೋದಲ್ಲಿ ಆಲ್ ಗ್ರೀನ್ ಹಾಡುತ್ತಿದ್ದರು. ಅದು ಮುಗಿದ ಕೂಡಲೇ ಆನ್ ಪೀಬಲ್ಸ್ ಬಂದರು. ಆಮೇಲೆ ಒ. ವಿ. ರೈಟ್. ಮೂರನೇ ಹಾಡಿಗೆ ನನಗೆ ಗೊತ್ತಾಗಿಹೋಯಿತು. ಮೂವರ ಹಾಡುಗಳನ್ನೂ ರೆಕಾರ್ಡ್ ಮಾಡಿಸಿದ ನಿರ್ಮಾಪಕರು ಒಬ್ಬರೇ. ಕಾರನ್ನು ರಸ್ತೆ ಪಕ್ಕಕ್ಕೆ ಹಾಕಿ ಸುಮ್ನೆ ಕೂತೆ. ವಿಲ್ಲಿ ಮಿಚೆಲ್ ತೀರಿಕೊಂಡಿದ್ದರು. ಅವರಿಗೆ 81 ವರ್ಷ.

ನಾನು ಕೆಲಸಕ್ಕೆ ಅಂತ ಈ ಊರಿಗೆ ಬಂದವನು. ವಾರವೆಲ್ಲಾ ಕಂಪ್ಯೂಟರ್ ಮುಂದೆ, ಶನಿವಾರ ಭಾನುವಾರ ಗ್ಯಾರೇಜಿನಲ್ಲಿ ಮೈಕು, ಕೇಬಲ್ಲು. ರೆಕಾರ್ಡಿಂಗ್ ನನಗೆ ಯಾರೂ ಹೇಳಿಕೊಟ್ಟಿಲ್ಲ. ವಿಲ್ಲಿ ಮಾಡಿದ ಹಾಡುಗಳನ್ನು ಹೆಡ್‌ಫೋನಿನಲ್ಲಿ ನೂರಾರು ಸಲ ಕೇಳಿ ಕೇಳಿ ಕಲಿತದ್ದೇ ಜಾಸ್ತಿ. ಹಾಗಾಗಿ ಆ ಸಂಜೆ ನನ್ನ ಮೇಷ್ಟ್ರೇ ಹೋದ ಹಾಗಾಯಿತು. ಒಂದು ಸಲವೂ ಅವರನ್ನು ಮುಖಾಮುಖಿ ನೋಡಿರಲಿಲ್ಲ. ನಮ್ಮ ಮನೆಯಿಂದ ಅವರ ಸ್ಟುಡಿಯೋಗೆ ಕಾರಿನಲ್ಲಿ ಅರ್ಧ ಗಂಟೆ ಅಷ್ಟೇ. ಅದು ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ.

ವಿಲ್ಲಿ ಹುಟ್ಟಿದ್ದು 1928ರಲ್ಲಿ, ಮಿಸಿಸಿಪಿಯ ಆ್ಯಶ್‌ಲ್ಯಾಂಡ್ ಅನ್ನೋ ಪುಟ್ಟ ಊರಲ್ಲಿ. ಮೂಲದಲ್ಲಿ ಟ್ರಂಪೆಟ್ ವಾದಕರು. ಸ್ವಂತ ಬ್ಯಾಂಡ್ ಕಟ್ಟಿ ಕ್ಲಬ್ಬುಗಳಲ್ಲಿ ರಾತ್ರಿಯೆಲ್ಲಾ ಜನರನ್ನು ಕುಣಿಸಿದವರು. ತೆಳು ಮೀಸೆ, ಒಪ್ಪವಾದ ಸೂಟು, ಬಾಯಿ ತುಂಬಾ ಮಾತು. ಊರಿಗೆಲ್ಲಾ ಅವರು 'ಪಾಪಾ ವಿಲ್ಲಿ'. ಅವರು ಸತ್ತ ವಾರವೆಲ್ಲಾ ಇಲ್ಲಿ ಅವರ ಬಗ್ಗೆ ಒಂದಲ್ಲ ಒಂದು ಕಥೆ. ಎಲ್ಲರೂ ಹೇಳುತ್ತಿದ್ದ ಕಥೆ ಒಂದಿತ್ತು. 60ರ ದಶಕದ ಕೊನೆಯಲ್ಲಿ ಟೆಕ್ಸಸ್‌ನ ಮಿಡ್‌ಲ್ಯಾಂಡಿನ ಕ್ಲಬ್ಬಿನಲ್ಲಿ ಕೈಯಲ್ಲಿ ಕಾಸಿಲ್ಲದ ಒಬ್ಬ ಹುಡುಗ ಹಾಡಿದ. ವಿಲ್ಲಿ ಅವನ ಹತ್ತಿರ ಹೋಗಿ, ನನ್ನ ಜೊತೆ ಮೆಂಫಿಸ್‌ಗೆ ಬಾ, ನಿನ್ನನ್ನು ಸ್ಟಾರ್ ಮಾಡ್ತೀನಿ ಅಂದರು. ಎಷ್ಟು ದಿನ ಬೇಕು ಅಂತ ಹುಡುಗ ಕೇಳಿದ. ಹದಿನೆಂಟು ತಿಂಗಳು ಅಂದರು ವಿಲ್ಲಿ. ಅಷ್ಟು ದಿನ ಕಾಯೋಕ್ಕಾಗಲ್ಲ ಅಂದನಂತೆ ಹುಡುಗ. ಕೊನೆಗೆ 1500 ಡಾಲರ್ ಸಾಲ ಕೊಟ್ಟು ಅವನನ್ನು ಒಪ್ಪಿಸಿದರು. ಆ ಹುಡುಗನೇ ಆಲ್ ಗ್ರೀನ್.

ಈ ಕಥೆ ನನಗೂ ಇಷ್ಟ. ಆದರೆ ಆ ವಾರ ಕೇಳುತ್ತಾ ಕೇಳುತ್ತಾ ಒಂದು ಸಂಕಟ ಶುರುವಾಯಿತು. ಮನುಷ್ಯನ ಸೂಟು, ನಗು, ಮಾತು ಎಲ್ಲವೂ ನೆನಪಾಗುತ್ತಿದೆ, ಅವರ ಕಿವಿ ಮಾತ್ರ ಯಾರಿಗೂ ನೆನಪಾಗುತ್ತಿಲ್ಲ ಅನ್ನಿಸಿತು. ಮೆಂಫಿಸ್‌ಗೆ ಬಂದ ಆಲ್ ಗ್ರೀನ್‌ಗೆ ಓಟಿಸ್ ರೆಡ್ಡಿಂಗ್ ಥರ, ವಿಲ್ಸನ್ ಪಿಕೆಟ್ ಥರ ಗಂಟಲು ಬಿರಿಯುವ ಹಾಗೆ ಹಾಡಬೇಕು ಅಂತ ಆಸೆ. ವಿಲ್ಲಿ ಬಿಡಲಿಲ್ಲ. ಮೆಲ್ಲಗೆ ಹಾಡು, ಇನ್ನೂ ಮೆಲ್ಲಗೆ, ನಿನ್ನ ಥರ ಹಾಡು ಅಂತ ಹಠ ಹಿಡಿದರು. 'ಲೆಟ್ಸ್ ಸ್ಟೇ ಟುಗೆದರ್' ಹಾಡಿನಲ್ಲಿ ತನ್ನ ದನಿ ತೀರಾ ತೆಳು ಆಯಿತು ಅಂತ ಗ್ರೀನ್‌ಗೆ ಬೇಸರ. ಅದೇ ತೆಳು ದನಿ 1972ರ ಫೆಬ್ರವರಿಯಲ್ಲಿ ಇಡೀ ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಜೋರಾಗಿ ಹಾಡಬಲ್ಲ ಒಬ್ಬನಿಗೆ ಮೆಲ್ಲಗೆ ಹಾಡು ಅನ್ನೋಕೆ ಎಷ್ಟು ಧೈರ್ಯ ಬೇಕು, ಅಲ್ವಾ?

ನಾನು ಅವರನ್ನು ನೆನೆಯೋದಾದರೆ ಆ ಕಿವಿಯನ್ನೇ ನೆನೆಯಬೇಕು ಅಂದುಕೊಂಡೆ. ಮುಂದಿನ ಜನವರಿಗೆ ಒಂದು ಹಾಡನ್ನು ಪೂರ್ತಿ ಅವರ ದಾರಿಯಲ್ಲೇ ರೆಕಾರ್ಡ್ ಮಾಡೋದು ಅಂತ ತೀರ್ಮಾನ ಆಯಿತು. ಇಂಗ್ಲಿಷ್ ಹಾಡು ಬೇಡ. ನಮ್ಮ ಕನ್ನಡ ಬಳಗದಲ್ಲಿ ಒಬ್ಬರು ನರ್ಸ್ ಇದ್ದಾರೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಅವರ ಹಾಡು ಇರಲೇಬೇಕು. ಅಜ್ಜಿಯಿಂದ ಕಲಿತ ಒಂದು ಬೀಸುವ ಕಲ್ಲಿನ ಪದ ಅವರಿಗೆ ಬರುತ್ತದೆ. ಅದನ್ನೇ ಆರಿಸಿದೆ. ಬೀಸುವ ಕಲ್ಲಿಗೂ ವಿಲ್ಲಿಯ ತಾಳಕ್ಕೂ ಒಂದು ಹೋಲಿಕೆ ಇದೆ. ಎರಡೂ ಅವಸರ ಮಾಡಲ್ಲ, ಎರಡೂ ನಿಲ್ಲಲ್ಲ.

ಮೊದಲು ಜಾಗದ ಮಾತು. ವಿಲ್ಲಿಯ ರಾಯಲ್ ಸ್ಟುಡಿಯೋ ಒಂದು ಕಾಲಕ್ಕೆ ಸಿನಿಮಾ ಟಾಕೀಸು. 1957ರಲ್ಲಿ ಶುರುವಾದ ಹೈ ರೆಕಾರ್ಡ್ಸ್ ಅನ್ನೋ ರೆಕಾರ್ಡ್ ಕಂಪನಿ ಅದನ್ನು ಸ್ಟುಡಿಯೋ ಮಾಡಿಕೊಂಡಿತು. ಕುರ್ಚಿಗಳು ಹೋದವು, ಆದರೆ ಟಾಕೀಸಿನ ಇಳಿಜಾರು ನೆಲ ಹಾಗೇ ಉಳಿಯಿತು. ನೆಲ ಇಳಿದ ಹಾಗೆ ಮೇಲಿನ ಜಾಗ ಜಾಸ್ತಿ ಆಗುತ್ತದೆ, ಸದ್ದೂ ದೊಡ್ಡದಾಗುತ್ತದೆ ಅಂತ ವಿಲ್ಲಿ ನಂಬಿದ್ದರು. ಆ ನೆಲವನ್ನು ಅವರು ಸಮ ಮಾಡಿಸಲೇ ಇಲ್ಲ.

ನನ್ನ ಗ್ಯಾರೇಜಿನ ನೆಲವೂ ಇಳಿಜಾರೇ! ಇಲ್ಲಿನ ಗ್ಯಾರೇಜುಗಳೆಲ್ಲಾ ಹಾಗೇ, ನೀರು ಬಾಗಿಲ ಕಡೆಗೆ ಹರಿದು ಹೋಗಲಿ ಅಂತ. ನನ್ನದು ಕೆಲವೇ ಇಂಚು ಇಳಿಯುತ್ತದೆ, ಅದರಿಂದ ಸದ್ದು ಬದಲಾಗಲ್ಲ ಅಂತ ಗೊತ್ತು. ಆದರೂ ಡ್ರಮ್ ಸೆಟ್ಟನ್ನು ಮೂರು ಜಾಗದಲ್ಲಿ ಇಟ್ಟು ನೋಡಿದೆ. ಬಾಗಿಲ ಹತ್ತಿರ ಇಟ್ಟಾಗ ತಗಡಿನ ಬಾಗಿಲು ಗುಂಯ್ ಅನ್ನುತ್ತಿತ್ತು. ಊರಿಂದ ತಂದ ಅವ್ವನ ಎರಡು ಕೌದಿಗಳನ್ನು ಬಾಗಿಲಿಗೆ ಇಳಿಬಿಟ್ಟೆ. ಹಳೇ ಸೀರೆಗಳ ಪದರದ ಮೇಲೆ ಪದರ. ಗುಂಯ್‌ಗುಟ್ಟುವುದು ತಟ್ಟನೆ ನಿಂತಿತು. ದುಡ್ಡು ಕೊಟ್ಟು ತಂದ ಫೋಮ್ ಅದರ ಅರ್ಧ ಕೆಲಸವನ್ನೂ ಮಾಡಿರಲಿಲ್ಲ.

ಆಮೇಲೆ ಡ್ರಮ್. ವಿಲ್ಲಿಯ ಹಾಡುಗಳಲ್ಲಿ ಡ್ರಮ್ ಠಣ್ ಅನ್ನಲ್ಲ, ಧಪ್ ಅನ್ನುತ್ತದೆ. ಹತ್ತಿರ, ದಪ್ಪ, ತಕ್ಷಣ ಮುಗಿಯುವ ಸದ್ದು. ಬಾರಿಸುತ್ತಿದ್ದವರು ಹೊವರ್ಡ್ ಗ್ರೈಮ್ಸ್, ಕೆಲವು ಹಾಡುಗಳಿಗೆ ಆಲ್ ಜಾಕ್ಸನ್ ಜೂನಿಯರ್. ಜಾಕ್ಸನ್ ಸ್ನೇರ್ ಡ್ರಮ್ಮಿನ ಮೇಲೆ ತನ್ನ ಪರ್ಸ್ ಇಟ್ಟು ಬಾರಿಸುತ್ತಿದ್ದರು ಅಂತ ಇಲ್ಲಿನ ವಾದಕರು ಇವತ್ತಿಗೂ ಹೇಳುತ್ತಾರೆ. ನಮ್ಮ ಡ್ರಮ್ಮರ್ ಗೆಳೆಯನೂ ಪರ್ಸ್ ಇಟ್ಟ. ಸದ್ದು ಸತ್ತೇ ಹೋಯಿತು. ಕಾರ್ಡು, ಚಿಲ್ಲರೆ ಎಲ್ಲಾ ತೆಗೆದು ಖಾಲಿ ಪರ್ಸನ್ನು ಅಂಚಿಗೆ ಸರಿಸಿದಾಗ ಸರಿಹೋಯಿತು. ಮೈಕು ಎರಡೇ. ಒಂದು ಬಾಸ್ ಡ್ರಮ್ಮಿಗೆ, ಇನ್ನೊಂದು ಬಾರಿಸುವವನ ಎದೆಯ ಎತ್ತರಕ್ಕೆ, ಅವನ ಕಡೆಗೇ ನೋಡುವ ಹಾಗೆ.

ಗಿಟಾರ್, ಬಾಸ್, ಡ್ರಮ್ ಮೂರನ್ನೂ ಒಟ್ಟಿಗೇ ನುಡಿಸಿಸಿದೆ. ವಿಲ್ಲಿಯ ಬಳಿ ಮೂವರು ಅಣ್ಣತಮ್ಮಂದಿರು ಇದ್ದರು. ಗಿಟಾರಿಗೆ ಟೀನಿ ಹಾಡ್ಜಸ್, ಬಾಸ್‌ಗೆ ಲೆರಾಯ್, ಆರ್ಗನ್‌ಗೆ ಚಾರ್ಲ್ಸ್. ಒಂದೇ ಮನೆಯಲ್ಲಿ ಬೆಳೆದವರು ಮಾತಾಡಿಕೊಳ್ಳುವ ಹಾಗೆ ನುಡಿಸುತ್ತಿದ್ದರು. ಒಬ್ಬ ಬಾಯಿ ತೆರೆದರೆ ಇನ್ನೊಬ್ಬ ಸುಮ್ಮನಾಗುತ್ತಾನೆ. ನಮ್ಮ ಮೂವರಿಗೆ ನಾನು ಹೇಳಿದ್ದು ಅದೊಂದೇ. ಹಾಡು ಬಂದಾಗ ಕೈ ತೆಗೀರಿ.

ಇನ್ನು ದನಿ. ಇಲ್ಲೇ ನಾನು ಎರಡು ವಾರ ಒದ್ದಾಡಿದೆ. ನಮ್ಮ ಗಾಯಕಿಗೆ ಸಭಾಂಗಣದ ಕೊನೇ ಸಾಲಿಗೆ ಕೇಳಿಸುವ ಹಾಗೆ ಹಾಡಿ ಅಭ್ಯಾಸ. ಗ್ಯಾರೇಜಿನಲ್ಲೂ ಹಾಗೇ ಹಾಡಿದರು. ಚೆನ್ನಾಗಿತ್ತು, ಆದರೆ ಬೀಸುವ ಕಲ್ಲಿನ ಹತ್ತಿರ ಕೂತ ಹಾಗೆ ಇರಲಿಲ್ಲ. ಮೆಲ್ಲಗೆ ಹಾಡಿ ಅಂದೆ. ಮೆಲ್ಲಗೆ ಹಾಡಿದರು, ಜೀವ ಹೋಯಿತು. ಬರೀ ಸಣ್ಣ ಸದ್ದು.

ಆಗ ಎರಡು ಬದಲಾವಣೆ ಮಾಡಿದೆ. ಆಲ್ ಗ್ರೀನ್‌ಗೆ ವಿಲ್ಲಿ ಇಟ್ಟಿದ್ದು 9ನೇ ನಂಬರಿನ ಮೈಕ್, ಆರ್‌ಸಿಎ ಕಂಪನಿಯ ಹಳೇ ರಿಬ್ಬನ್ ಮೈಕ್, ಅಂದರೆ ಒಳಗೆ ತೆಳು ಲೋಹದ ಪಟ್ಟಿ ಇರುವ ಮೈಕ್. ನನ್ನ ಬಳಿ ಅಗ್ಗದ ಒಂದು ರಿಬ್ಬನ್ ಮೈಕ್ ಇತ್ತು. ರಿಬ್ಬನ್ ಮೈಕು ದನಿಯ ಚೂಪನ್ನು ತೆಗೆಯುತ್ತದೆ, ಹತ್ತಿರ ಬಂದಷ್ಟೂ ಎದೆಯ ಸದ್ದನ್ನು ತುಂಬುತ್ತದೆ. ಅದನ್ನು ಅವರ ಬಾಯಿಂದ ನಾಲ್ಕು ಬೆರಳು ದೂರ ಇಟ್ಟು ಸ್ವಲ್ಪ ಓರೆ ಮಾಡಿದೆ. ಉಸಿರು ನೇರ ಬಡಿದರೆ ಒಳಗಿನ ಪಟ್ಟಿ ಹಾಳಾಗುತ್ತದೆ. ಎರಡನೆಯದು, ಅವರ ಹೆಡ್‌ಫೋನಿನಲ್ಲಿ ವಾದ್ಯಗಳನ್ನು ಇಳಿಸಿ ಅವರ ದನಿಯನ್ನೇ ಏರಿಸಿದೆ. ತನ್ನ ದನಿ ಕಿವಿಯಲ್ಲಿ ದೊಡ್ಡದಾಗಿ ಕೇಳಿದರೆ ಯಾರಾದರೂ ತಾನಾಗೇ ಇಳಿಸುತ್ತಾರೆ. ಹೇಳಿಸಿಕೊಂಡು ಇಳಿಸಿದ ದನಿಗೂ ತಾನಾಗಿ ಇಳಿದ ದನಿಗೂ ತುಂಬಾ ವ್ಯತ್ಯಾಸ ಇದೆ.

ಆಮೇಲೆ ಒಂದು ಮಾತು ಹೇಳಿದೆ. "ಮೂರೂವರೆ ಗಂಟೆ ಬೆಳಗಿನ ಜಾವ. ನೀವು ಬೀಸ್ತಾ ಇದ್ದೀರಿ. ಪಕ್ಕದಲ್ಲಿ ಮಗು ಈಗಷ್ಟೇ ಮಲಗಿದೆ." ಅವರು ಕಣ್ಣು ಮುಚ್ಚಿದರು. ಎರಡು ಸಲ ಹಾಡಿದರು. ಎರಡನೆಯದನ್ನು ಹಾಗೇ ಇಟ್ಟುಕೊಂಡೆ. ನಡುವೆ ಒಂದು ಕಡೆ ಉಸಿರು ತಪ್ಪಿದೆ, ಅದನ್ನೂ ತಿದ್ದಲಿಲ್ಲ. ಎಕೋ ಹಾಕಲಿಲ್ಲ.

2011ರ ಜನವರಿ 5ಕ್ಕೆ ಹಾಡು ಸಿದ್ಧವಾಯಿತು. ಕಾರಿನಲ್ಲಿ ಹಾಕಿಕೊಂಡು ದಕ್ಷಿಣ ಮೆಂಫಿಸ್‌ಗೆ ಹೋದೆ. ಸ್ಟುಡಿಯೋ ಇರುವ ರಸ್ತೆಗೆ ಈಗ ವಿಲ್ಲಿಯದೇ ಹೆಸರು. ಹೊರಗಿನಿಂದ ನೋಡಿದರೆ ಸಾಧಾರಣ ಕಟ್ಟಡ. ಒಳಗೆ ಕೆಲಸ ನಿಂತಿಲ್ಲ, ಅವರ ಮನೆಯವರೇ ನಡೆಸುತ್ತಿದ್ದಾರೆ. ವಿಲ್ಲಿ ಕೊನೆಗೆ ಮಾಡಿದ್ದು ಗಾಯಕ ಸಾಲೊಮನ್ ಬರ್ಕ್ ಅವರ ಆಲ್ಬಮ್. ಅದು ಹೊರಬಂದದ್ದು ವಿಲ್ಲಿ ಹೋದ ಮೇಲೆ, 2010ರ ಅಕ್ಟೋಬರಿನಲ್ಲಿ ಬರ್ಕ್ ಕೂಡ ಹೋದರು. ಎಂಜಿನ್ ಆಫ್ ಮಾಡಿ, ಗಾಜು ಏರಿಸಿ, ಬೀಸುವ ಪದವನ್ನು ಆ ಕಟ್ಟಡದ ಎದುರು ಒಂದು ಸಲ ಪೂರ್ತಿ ಕೇಳಿದೆ.

ಗಾಯಕಿ ಅದನ್ನು ಊರಿನಲ್ಲಿರುವ ತಾಯಿಗೆ ಫೋನಿನಲ್ಲಿ ಕೇಳಿಸಿದರು. ಮೈಕಿನ ವಿಷಯ, ವಿಲ್ಲಿಯ ವಿಷಯ, ನಾನು ಹೇಳಿದ ಮಾತು ಯಾವುದನ್ನೂ ಅವರಿಗೆ ಹೇಳಿರಲಿಲ್ಲ. ಹಾಡು ಮುಗಿದ ಮೇಲೆ ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರಂತೆ: "ಯಾಕೆ, ಮಗು ಮಲಗಿತ್ತಾ?"