ವೈಫೈನಲ್ಲೇ 180 ಜಿಬಿ, ಒಂದು ಗಂಟೆಯೊಳಗೆ

"ಹಾರ್ಡ್‌ಡಿಸ್ಕ್‌ಗೆ ಹಾಕ್ಕೊಂಡು ಎದ್ದು ಹೋಗೋದು ಬಿಟ್ಟು ಇದೇನು ಹಠ?" ಎಂದು ಜೊತೆಗೆ ಕೆಲಸ ಮಾಡುವವರೆಲ್ಲ ನಕ್ಕಿದ್ದರು. ಹಠವೇ ಸರಿ. ಮೊನ್ನೆ 180 ಜಿಬಿ ಫೋಟೊ ಫೋಲ್ಡರ್ ಲ್ಯಾಪ್‌ಟಾಪಿನಿಂದ ಡೆಸ್ಕ್‌ಟಾಪಿಗೆ 55 ನಿಮಿಷದಲ್ಲಿ ಹೋಯಿತು. ಮೊದಲು ಇದೇ ಕೆಲಸಕ್ಕೆ ರಾತ್ರಿಯಿಡೀ ಬಿಟ್ಟರೂ ಸಾಲುತ್ತಿರಲಿಲ್ಲ. ಸೆಕೆಂಡಿಗೆ 4 ಎಂಬಿ, ಅದೂ ಅದೃಷ್ಟವಿದ್ದರೆ.

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮೊದಲು ಮಾಡಿದೆ: ಹೊಸ ರೂಟರ್ ತಂದೆ. ಹಳೆಯದರ ಮೂರು ಪಟ್ಟು ಬೆಲೆ. ವೇಗ 4ರಿಂದ 6ಕ್ಕೆ ಏರಿತು! ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಡೆಸ್ಕ್‌ಟಾಪಿನ ಹಿಂದೆ ಬಗ್ಗಿ ನೋಡಿದರೆ, ಅಲ್ಲಿದ್ದದ್ದು 2.4 ಗಿಗಾಹರ್ಟ್ಜ್‌ನ ಹಳೇ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ವೈಫೈ ಕಡ್ಡಿ). ಅದರ ಪಕ್ಕದ ಪೋರ್ಟಿಗೇ ಯುಎಸ್‌ಬಿ 3 ಡಿಸ್ಕ್ ಚುಚ್ಚಿದ್ದೆ. ಯುಎಸ್‌ಬಿ 3 ಆ 2.4ರ ರೇಡಿಯೊ ಬ್ಯಾಂಡಿನಲ್ಲೇ ಗದ್ದಲ ಎಬ್ಬಿಸುತ್ತದೆ. ಸುಮ್ನೆ ಡಾಂಗಲನ್ನು ಒಂದು ಮೊಳದ ಎಕ್ಸ್‌ಟೆನ್ಶನ್ ಕೇಬಲ್ಲಿಗೆ ಹಾಕಿ ದೂರ ಇಟ್ಟೆ. 9 ಬಂತು. ರೂಟರ್‌ಗೆ ಸುರಿದ ದುಡ್ಡು ನೆನೆದು ಹೊಟ್ಟೆ ಉರಿಯಿತು.

ಮತ್ತೆ ದುಡ್ಡು ಕೊಟ್ಟು 5 ಗಿಗಾಹರ್ಟ್ಜ್ ಡಾಂಗಲ್ ತಂದೆ. ಎರಡೂ ಕಡೆ ಲಿಂಕ್ ವೇಗ 866 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್; ಎಂಟು ಮೆಗಾಬಿಟ್ ಸೇರಿದರೆ ಒಂದು ಎಂಬಿ) ಎಂದು ತೋರಿಸುತ್ತಿತ್ತು. ನೆಟ್‌ವರ್ಕಿನ ನಿಜವಾದ ವೇಗ ಅಳೆಯುವ ಐಪರ್ಫ್‌ನಲ್ಲಿ ಮಾತ್ರ 250ರ ಆಸುಪಾಸು, ಅಂದರೆ ಸೆಕೆಂಡಿಗೆ 31 ಎಂಬಿ. ಎರಡೂ ಮಷೀನು ವೈಫೈನಲ್ಲಿದ್ದರೆ ಒಂದೊಂದು ಬೈಟೂ ಗಾಳಿಯಲ್ಲಿ ಎರಡು ಸಲ ಓಡುತ್ತದೆ, ಅದೂ ಒಂದೇ ಚಾನೆಲ್‌ನಲ್ಲಿ. ಗೊತ್ತಿದ್ದ ವಿಷಯವೇ, ಲೆಕ್ಕಕ್ಕೆ ಹಿಡಿದಿರಲಿಲ್ಲ ಅಷ್ಟೇ. ಡೆಸ್ಕ್‌ಟಾಪ್ ಹೇಗೂ ರೂಟರ್ ಪಕ್ಕದಲ್ಲೇ ಇದೆ, ಅದಕ್ಕೆ ಕೇಬಲ್ ಕೊಟ್ಟರೆ ಆಯ್ತಲ್ವಾ?

ಕೇಬಲ್ ಹಾಕಿದೆ. ವೇಗ ಸೆಕೆಂಡಿಗೆ 11 ಎಂಬಿಗೆ ಇಳಿಯಿತು. ಹೌದು, ಇಳಿಯಿತು. ಅವತ್ತು ನಕ್ಕವರ ನಗು ಇನ್ನೂ ಕಿವಿಯಲ್ಲಿದೆ.

11 ಅನ್ನುವ ಅಂಕಿ ನೋಡಿದಾಗಲೇ ಅನುಮಾನ ಬರಬೇಕಿತ್ತು, ಅದು 100 ಎಂಬಿಪಿಎಸ್‌ನ ಗುರುತು. ಎರಡು ದಿನ ಡ್ರೈವರ್ ಬದಲಾಯಿಸುತ್ತಾ ಕೂತೆ. ಕೊನೆಗೆ ಪ್ಲಗ್ಗಿಗೆ ಟಾರ್ಚ್ ಬಿಟ್ಟು ನೋಡಿದೆ. ಪ್ಲಾಸ್ಟಿಕ್ ಒಳಗೆ 8 ತಂತಿ ಇರಬೇಕಾದಲ್ಲಿ ಇದ್ದದ್ದು 4. ಯಾವುದೋ ಹಳೇ ಡಬ್ಬದಿಂದ ತೆಗೆದ ಕೇಬಲ್. ಎಂಟೂ ತಂತಿ ಇರುವ ಸರಿಯಾದ ಕ್ಯಾಟ್5ಇ ಕೇಬಲ್ ಹಾಕಿದ ಕೂಡಲೇ ಐಪರ್ಫ್ 520 ದಾಟಿತು. ಇಷ್ಟು ಖರ್ಚಿನಲ್ಲಿ ನಿಜಕ್ಕೂ ಬೇಕಾಗಿದ್ದದ್ದು ಇದೊಂದೇ, ಎಲ್ಲಕ್ಕಿಂತ ಅಗ್ಗದ್ದು.

ನಡುವೆ ಒಂದಷ್ಟು ಆಟ ಆಡಿದೆ. ಡೆಸ್ಕ್‌ಟಾಪನ್ನೇ ಹಾಟ್‌ಸ್ಪಾಟ್ ಮಾಡಿದೆ. ವೇಗ ಚೆನ್ನಾಗಿಯೇ ಬಂತು, ಆದರೆ ಆ ಡಾಂಗಲ್ ಕಾಲು ಗಂಟೆಗೊಮ್ಮೆ ಬಿಸಿಯಾಗಿ ಸಂಪರ್ಕ ಕಡಿದುಕೊಳ್ಳುತ್ತಿತ್ತು. ಫೈಲು ಕಾಪಿ ಮಾಡುವ ಆರ್‌ಸಿಂಕ್‌ನಲ್ಲಿ ಕಂಪ್ರೆಶನ್ (ಕುಗ್ಗಿಸಿ ಕಳಿಸುವುದು) ಹಾಕಿ ನೋಡಿದೆ. ಮೊದಲೇ ಕುಗ್ಗಿಸಿಟ್ಟ ಜೆಪೆಗ್ ಫೋಟೊ ಇನ್ನೆಷ್ಟು ಕುಗ್ಗೀತು? ಫ್ಯಾನ್ ಸದ್ದು ಮಾತ್ರ ಜಾಸ್ತಿ ಆಯಿತು.

ನಿಜವಾದ ಗಂಟು ಇದ್ದದ್ದು ಬೇರೆ ಕಡೆ. ಐಪರ್ಫ್ 520 ತೋರಿಸುತ್ತಿದ್ದರೂ ಫೋಲ್ಡರ್ ಕಾಪಿ ಸೆಕೆಂಡಿಗೆ 7-8 ಎಂಬಿಯಲ್ಲೇ ತೆವಳುತ್ತಿತ್ತು. ದೊಡ್ಡ ವಿಡಿಯೊ ಬಂದಾಗ ಗ್ರಾಫ್ 60ಕ್ಕೆ ಚಿಮ್ಮುತ್ತಿತ್ತು, ಥಂಬ್‌ನೇಲ್‌ಗಳ (ಪುಟಾಣಿ ಚಿತ್ರಗಳ) ಸರದಿ ಬಂದ ಕೂಡಲೇ ನೆಲಕ್ಕೆ. ಫೈಲುಗಳು ಒಂದು ಲಕ್ಷಕ್ಕೂ ಮೇಲೆ. ನೆಟ್‌ವರ್ಕಿನಲ್ಲಿ ಹಂಚಿಕೊಂಡ ಶೇರ್ ಫೋಲ್ಡರಿನಲ್ಲಿ ಒಂದೊಂದಕ್ಕೂ ತೆರೆ, ಬರೆ, ಮುಚ್ಚು ಎಂದು ಹೋಗಿ ಬರುವ ಮಾತುಕತೆ, ಅದೂ ವೈಫೈನ ವಿಳಂಬದಲ್ಲಿ. ವಿಂಡೋಸ್‌ನ ಕಾಪಿ ಸಾಧನ ರೋಬೋಕಾಪಿಯಲ್ಲಿ 32 ಥ್ರೆಡ್ (ಏಕಕಾಲಕ್ಕೆ 32 ಫೈಲು) ಕೊಟ್ಟರೆ 25ರವರೆಗೆ ಬಂತು. ಆಮೇಲೆ ಶೇರ್ ಫೋಲ್ಡರನ್ನೇ ಬಿಟ್ಟುಬಿಟ್ಟೆ. ಈ ಕಡೆ ಫೈಲುಗಳನ್ನೆಲ್ಲ ಒಂದೇ ಮೂಟೆ ಕಟ್ಟುವ ಟಾರ್, ನಡುವೆ ಅದನ್ನು ನೆಟ್‌ವರ್ಕಿನಲ್ಲಿ ದಾಟಿಸುವ ನೆಟ್‌ಕ್ಯಾಟ್, ಆ ಕಡೆ ಮೂಟೆ ಬಿಚ್ಚಲು ಮತ್ತೆ ಟಾರ್. ಲಕ್ಷ ಫೈಲು ಒಂದೇ ಧಾರೆಯಾಗಿ ಹರಿಯುತ್ತದೆ. ಸರಾಸರಿ 55. ನೆಟ್‌ಕ್ಯಾಟ್‌ನಲ್ಲಿ ಎನ್‌ಕ್ರಿಪ್ಶನ್ (ಬೇರೆಯವರು ಓದದಂತೆ ಗುಟ್ಟು ಮಾಡುವುದು) ಇಲ್ಲ, ನನ್ನದೇ ನೆಟ್‌ವರ್ಕ್ ಅಂತ ಧೈರ್ಯ ಮಾಡಿದೆ. ನೀವು ಯೋಚಿಸಿ ಮಾಡಿ.

ಮಧ್ಯೆ ಕಡಿದುಹೋದರೆ ಮೊದಲಿಂದ ಕಳಿಸಬೇಕಲ್ಲ ಎಂದು ಕೇಳುತ್ತೀರಿ. ಬೇಕಿಲ್ಲ. ಅದಕ್ಕೊಂದು ಚಿಕ್ಕ ಸ್ಕ್ರಿಪ್ಟ್ ಬರೆದಿದ್ದೇನೆ, ನಿಂತ ಕಡೆಯಿಂದಲೇ ಎತ್ತಿಕೊಳ್ಳುತ್ತದೆ. ಅದನ್ನು ಸದ್ಯಕ್ಕೆ ಕೊಡಲ್ಲ. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವರು ಕೇಳಿದಾಗಲೂ ಕೊಡಲಿಲ್ಲ.